ಮರೆವಿನ ಗಿರಾಕಿ

ಮಿಸ್ಟರಿ ಶಾಪಿಂಗಿನಿಂದ ನಾಲ್ಕು ಕಾಸು ಹುಟ್ಟುತ್ತದೆಯೇ ಎಂದು ಪರಿಚಯದವರು ಈಗಲೂ ನನ್ನನ್ನು ಕೇಳುತ್ತಾರೆ. ಮಗಳಿಗೆ ಹೇಳಲೇ, ನಿವೃತ್ತರಾದ ಭಾವನಿಗೆ ಹೇಳಲೇ ಎನ್ನುತ್ತಾರೆ. ನಾನು ಬಸ್ಸಿನ ಖರ್ಚು, ಕಾಯುವ ಹೊತ್ತು, ತಡವಾಗಿ ಬರುವ ಹಣ, ಇವಿಷ್ಟನ್ನು ಹೇಳಿ ಕೈಖರ್ಚಿಗೆ ಪರವಾಗಿಲ್ಲ, ಸಂಸಾರಕ್ಕಾಗದು ಎಂದು ಮಾತು ಮುಗಿಸುತ್ತೇನೆ. ಅದು ನಿಜವೇ. ಆದರೆ ನಾನು ಅದನ್ನು ಬಿಟ್ಟದ್ದು ಹಣ ಸಾಲದೆ ಅಲ್ಲ. ಬಿಟ್ಟ ಕಾರಣವನ್ನು ಬರೆಯಲು ಹೊರಟರೆ ಕೈ ಹಿಂಜರಿಯುತ್ತದೆ, ಏಕೆಂದರೆ ಇದೆಲ್ಲ ನಾನು ಬರೆಯುತ್ತಿರುವ ಕ್ರಮದಲ್ಲೇ ನಡೆಯಿತೇ ಎಂಬುದು ನನಗೆ ಖಚಿತವಿಲ್ಲ. ಒಂದು ಭಾಗಕ್ಕೆ ಮಾತ್ರ ನನ್ನ ಫೋನಿನಲ್ಲಿ ಸಾಕ್ಷಿ ಇದೆ. ಉಳಿದದ್ದಕ್ಕೆಲ್ಲ ನಾನೇ ಸಾಕ್ಷಿ. ಆ ಸಾಕ್ಷಿಯ ಮೇಲೆ ನನಗೀಗ ಮೊದಲಿನ ನಂಬಿಕೆ ಇಲ್ಲ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ಬನ್ನಿಮಂಟಪದಲ್ಲಿ ನಮ್ಮ ಎದುರು ಮನೆಯವರು. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೆಂಡತಿಯೊಂದಿಗೆ ಚರ್ಚಿಗೆ ಹೋಗುವರು, ಸೋಮವಾರದಿಂದ ಗಿರಾಕಿಯ ವೇಷ ಹಾಕುವರು. ನಾನು ಆಗ ಕಾಲೇಜೊಂದರಲ್ಲಿ ತತ್ವಶಾಸ್ತ್ರದ ಅತಿಥಿ ಉಪನ್ಯಾಸಕ. ಆ ವರ್ಷ ಆ ವಿಷಯಕ್ಕೆ ಮಕ್ಕಳೇ ಸೇರದೆ ನನ್ನ ತರಗತಿಗಳು ನಿಂತುಹೋಗಿದ್ದವು. ಹೆಂಡತಿ ಖಾಸಗಿ ಶಾಲೆಯಲ್ಲಿ ಪಾಠ ಮಾಡಿ ಸಂಜೆ ಬರುವವರೆಗೆ ನಾನು ಗೇಟಿನ ಬಳಿ ಸುಮ್ಮನೆ ನಿಂತಿರುತ್ತಿದ್ದೆ. ಅದನ್ನು ನೋಡಿದ ಅವರು ಒಂದು ದಿನ ರಸ್ತೆ ದಾಟಿ ಬಂದರು.

"ಬೇರೆಯೋರ ಪಾಪ ಬರ್ಕೊಟ್ಟು ದುಡ್ಡು ಇಸ್ಕೊಳ್ಳೋ ಕೆಲ್ಸ ಕಣ್ರೀ ಮೇಷ್ಟ್ರೇ," ಎಂದರು. "ನಮ್ಮ ಫಾದರ್‌ಗೆ ಮಾತ್ರ ಹೇಳಿಲ್ಲ. ನೀವು ಓದ್ಕೊಂಡಿರೋರು, ಚೆನ್ನಾಗಿ ಬರೀತೀರ. ಬಂದ್ಬುಡಿ."

ಕೆಲಸ ಹೀಗಿರುತ್ತದೆ. ದೊಡ್ಡ ಅಂಗಡಿಯ ಒಡೆಯರು ತಮ್ಮ ನೌಕರರು ಗಿರಾಕಿಗಳ ಜೊತೆ ಹೇಗೆ ನಡೆದುಕೊಳ್ಳುತ್ತಾರೆಂದು ತಿಳಿಯಲು ಒಂದು ಏಜೆನ್ಸಿಗೆ ಹೇಳುತ್ತಾರೆ. ಏಜೆನ್ಸಿಯವರು ನನ್ನಂಥವನನ್ನು ಗಿರಾಕಿಯಾಗಿ ಒಳಗೆ ಕಳಿಸುತ್ತಾರೆ. ನಮಸ್ಕಾರ ಹೇಳಿದರೇ, ಎದೆಯ ಮೇಲೆ ಹೆಸರಿನ ಬಿಲ್ಲೆ ಇತ್ತೇ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಿದರೇ, ನೆಲ ಗುಡಿಸಿತ್ತೇ, ಎಲ್ಲ ನೋಡಿಕೊಂಡು ಬಂದು ವರದಿ ಬರೆಯಬೇಕು. ಅಂಗಡಿಯೊಳಗೆ ಏನನ್ನೂ ಬರೆದುಕೊಳ್ಳುವಂತಿಲ್ಲ. ಮೊದಲೆಲ್ಲ ನೆನಪೊಂದೇ ಆಧಾರವಾಗಿತ್ತು. ಆಮೇಲೆ ಕೆಲವು ಅಂಗಡಿಗಳಿಗೆ ಅಂಗಿಯ ಜೇಬಿನಲ್ಲಿ ಫೋನಿಟ್ಟು ಮಾತುಕತೆ ರೆಕಾರ್ಡ್ ಮಾಡಿ ವರದಿಯ ಜೊತೆ ಕಳಿಸಬೇಕೆಂಬ ನಿಯಮ ಬಂತು.

ನೆನಪಿನ ಕೆಲಸ ಎಂದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ನಮ್ಮ ಮನೆತನಕ್ಕೆ ಜಮೀನಿಲ್ಲ, ನೆನಪೇ ಆಸ್ತಿ. ಅಜ್ಜ ಅರಮನೆಯ ಆಶ್ರಯದಲ್ಲಿದ್ದ ಪಂಡಿತರು, ಪುಸ್ತಕ ಬಿಚ್ಚದೆ ಪಾಠ ಹೇಳಿದವರು. ಅವರಿಂದ ನನಗೆ ಬಂದದ್ದು ವೇದವನ್ನು ಬಾಯಿಪಾಠ ಮಾಡುವ ಕ್ರಮಪಾಠವೊಂದೇ. ಮೊದಲ ಪದವನ್ನು ಎರಡನೆಯದರ ಜೊತೆ ಹೇಳು, ಎರಡನೆಯದನ್ನು ಮತ್ತೆ ಮೂರನೆಯದರ ಜೊತೆ ಹೇಳು, ಮೂರನೆಯದನ್ನು ಮತ್ತೆ ನಾಲ್ಕನೆಯದರ ಜೊತೆ. ಹಾಗೆ ನಡುವಿನ ಪ್ರತಿ ಪದವೂ ಎರಡೆರಡು ಸಲ ಬಾಯಲ್ಲಿ ಬಂದು ಸರಪಳಿಯ ಕೊಂಡಿಯಂತೆ ಬಿಗಿಯುತ್ತದೆ. ದೇವರಲ್ಲಿ ನಂಬಿಕೆ ಹೋದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ. ಅಂಗಡಿಯೊಳಗೆ ನಡೆಯುತ್ತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಬಾಗಿಲು ನಮಸ್ಕಾರ, ನಮಸ್ಕಾರ ನೀಲಿ ಅಂಗಿ, ನೀಲಿ ಅಂಗಿ ಬಿಲ್ಲೆ, ಬಿಲ್ಲೆ ತಣ್ಣೀರು. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕುಳಿತು ಸರಪಳಿಯ ಒಂದು ತುದಿ ಎಳೆದರೆ ಇಡೀ ಅಂಗಡಿ ಹೊರಗೆ ಬರುತ್ತಿತ್ತು.

ಆದರೆ ಅದೇ ಮನೆತನದಲ್ಲಿ ಅಪ್ಪನೂ ಇದ್ದರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕೊನೆಯ ವರ್ಷಗಳಲ್ಲಿ ಅವರಿಗೆ ಒಂದೇ ಪ್ರಶ್ನೆ ಉಳಿಯಿತು. "ಕೇಳೋದೇ ಮರ್ತೆ ನೋಡು, ಗೇಟಿಗೆ ಬೀಗ ಹಾಕಿದ್ಯಾ?" ಹಾಕಿದೆ ಎಂದರೆ ತಲೆಯಾಡಿಸಿ, ಕೆಮ್ಮಿ, ಪತ್ರಿಕೆ ಮಡಿಸಿ, ಮತ್ತೆ ಅದೇ ಮುಖದಿಂದ ನನ್ನ ಕಡೆ ತಿರುಗುವರು. ಕೇಳೋದೇ ಮರ್ತೆ ನೋಡು. ಅವರು ಅದನ್ನು ಪ್ರತಿ ಸಲವೂ ಮೊದಲ ಸಲವೆಂದೇ ಕೇಳುತ್ತಿದ್ದರು. ನನ್ನನ್ನು ಹೆದರಿಸಿದ್ದು ಅದು. ಅವರಿಗೆ ಸ್ವಲ್ಪವೂ ಅನುಮಾನವಿರಲಿಲ್ಲ. ನಾನು ತರಗತಿಯಲ್ಲಿ ನೆನಪನ್ನು ಹೇಗೆ ನಂಬುವುದು ಎಂಬ ಪ್ರಶ್ನೆ ಎತ್ತಿ ಮಕ್ಕಳನ್ನು ನಗಿಸುತ್ತಿದ್ದವನು. ನೆನಪು ಸರಿಯೇ ಎಂದು ಪರೀಕ್ಷಿಸಲು ಇನ್ನೊಂದು ನೆನಪನ್ನೇ ಕರೆಯಬೇಕು, ಕಳ್ಳನಿಗೆ ಅವನ ತಮ್ಮನೇ ಜಾಮೀನು ನಿಂತ ಹಾಗೆ ಎನ್ನುತ್ತಿದ್ದೆ. ಮನೆಗೆ ಬಂದರೆ ಆ ಮಾತಿಗೆ ನಗು ಬರುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ನಾನು ನನ್ನನ್ನೇ ಕಾಯತೊಡಗಿದೆ. ಕನ್ನಡಕ ಎಲ್ಲಿಟ್ಟೆ ಎಂಬುದು ಒಂದು ಕ್ಷಣ ಹೊಳೆಯದಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಹಾಗಾಗಿ ಮಿಸ್ಟರಿ ಶಾಪಿಂಗಿನಿಂದ ನನಗೆ ಹಣಕ್ಕಿಂತ ಹೆಚ್ಚಿನದೊಂದು ಸಿಗುತ್ತಿತ್ತು. ಪ್ರತಿ ವರದಿಯೂ ನನಗೇ ನಾನು ಕೊಟ್ಟುಕೊಳ್ಳುವ ಆರೋಗ್ಯದ ಸರ್ಟಿಫಿಕೇಟ್. ಬಿಲ್ಲೆಯ ಹೆಸರು ನೆನಪಿದೆ, ಅಂಗಿಯ ಬಣ್ಣ ನೆನಪಿದೆ, ಹಾಗಾದರೆ ನಾನಿನ್ನೂ ಅಪ್ಪನಾಗಿಲ್ಲ. ಇದನ್ನು ಹೆಂಡತಿಗೆ ಹೇಳಿರಲಿಲ್ಲ. ಅವಳು ನನ್ನನ್ನು ಪತ್ತೇದಾರಿ ಮೇಷ್ಟ್ರು ಎಂದು ಛೇಡಿಸುತ್ತಿದ್ದಳು.

ಕೆಲಸದ ಇನ್ನೊಂದು ಮುಖ ನನಗೆ ಬೇಗ ಕಾಣಲಿಲ್ಲ. ಒಂದು ಸಂಜೆ ಎದುರು ಮನೆಯವರು ಯಾವುದೋ ಬಟ್ಟೆ ಅಂಗಡಿಯ ವಿಚಾರ ಹೇಳುತ್ತ, ತಾವು ಬರೆದ ಹುಡುಗ ಈಗ ಅಲ್ಲಿಲ್ಲ ಎಂದರು. ಅಂಕ ಕಡಿಮೆ ಬಂದರೆ ಕರೆದು ಹೇಳುತ್ತಾರಂತೆ, ಮತ್ತೆ ಕಡಿಮೆ ಬಂದರೆ ಕಳಿಸಿಬಿಡುತ್ತಾರಂತೆ. ನಗುತ್ತ ಶುರು ಮಾಡಿದವರು ಆ ಮಾತಿಗೆ ಬಂದಾಗ ನಗಲಿಲ್ಲ. "ನಾವು ಸುಳ್ಳು ಬರ್ದಿಲ್ಲವಲ್ಲ ಮೇಷ್ಟ್ರೇ," ಎಂದರು. ಸುಳ್ಳು ಬರೆಯದಿದ್ದರೆ ಸಾಕು ಎಂದು ನಾನೂ ಅಂದುಕೊಂಡೆ.

ಹೂಟಗಳ್ಳಿಯ ಕಡೆ ಹೋಗುವ ದೊಡ್ಡ ರಸ್ತೆಯಲ್ಲಿ ಟಿವಿ, ಫ್ರಿಜ್ಜು, ವಾಷಿಂಗ್ ಮಷೀನ್ ಮಾರುವ ಒಂದು ಅಂಗಡಿ ಇದೆ. ಆ ಸಲ ನನಗೆ ಬಂದದ್ದು ಆ ಅಂಗಡಿಯ ಫ್ರಿಜ್ಜಿನ ವಿಭಾಗ. ಏಜೆನ್ಸಿ ಕಳಿಸಿದ ಸೂಚನೆಯಲ್ಲಿ ಪಾತ್ರವನ್ನು ಹೀಗೆ ವಿವರಿಸಿದ್ದರು. ನೀವು ಸ್ವಲ್ಪ ಮರೆವಿನ ಗಿರಾಕಿ. ವಾರಂಟಿ ಎಷ್ಟು ವರ್ಷ ಎಂದು ಕೇಳಿ. ಸ್ವಲ್ಪ ಅಡ್ಡಾಡಿ ಬಂದು, ಮರೆತವರಂತೆ ಅದನ್ನೇ ಇನ್ನೊಂದು ಸಲ ಕೇಳಿ. ನೌಕರರು ತಾಳ್ಮೆಯಿಂದ ಉತ್ತರಿಸುತ್ತಾರೆಯೇ ನೋಡಿ. ಹಳೆಯ ಫ್ರಿಜ್ ಕೊಟ್ಟು ಹೊಸದು ಕೊಳ್ಳುವ ಸೌಲಭ್ಯ, ಕಂತಿನ ಸೌಲಭ್ಯ ಎರಡನ್ನೂ ತಾವಾಗಿ ಹೇಳುತ್ತಾರೆಯೇ, ಅಂದೇ ಕೊಳ್ಳುವಂತೆ ಒಲಿಸುತ್ತಾರೆಯೇ ನೋಡಿ.

ಮರೆವಿನವನಾಗಿ ನಟಿಸಬೇಕು. ಬೇಡವೆನ್ನಬಹುದಿತ್ತು. ಆದರೆ ನಟಿಸಲು ಸಾಧ್ಯವಾಗುವುದು ಅದಲ್ಲದವನಿಗೆ ಮಾತ್ರ ಎಂಬ ತರ್ಕವೂ ಬಂತು. ಕುರುಡನಾಗಿ ನಟಿಸುವವನಿಗೆ ಕಣ್ಣಿರಬೇಕು. ಒಪ್ಪಿಕೊಂಡೆ.

ಅಂದು ಅಂಗಡಿಯಲ್ಲಿ ನಡೆದದ್ದು, ನನ್ನ ನೆನಪಿನ ಪ್ರಕಾರ, ಇಷ್ಟು. ಮಧ್ಯಾಹ್ನದ ಹೊತ್ತು, ಜನ ಕಡಿಮೆ. ಫ್ರಿಜ್ಜುಗಳ ಸಾಲಿನಲ್ಲಿ ಒಬ್ಬಳೇ ಹೆಣ್ಣುಮಗಳು ನಿಂತಿದ್ದಳು. ಎತ್ತರದ ಆಳು, ದಪ್ಪ ಚೌಕಟ್ಟಿನ ಕನ್ನಡಕ, ಮಾತಾಡುವಾಗ ಒಂದು ಕೈಯನ್ನು ಫ್ರಿಜ್ಜಿನ ಬಾಗಿಲ ಮೇಲಿಟ್ಟುಕೊಳ್ಳುವ ಅಭ್ಯಾಸ. ನಾನು ವಾರಂಟಿ ಕೇಳಿದೆ. ಕಂಪ್ರೆಸರ್‌ಗೆ ಹತ್ತು ವರ್ಷ, ಉಳಿದದ್ದಕ್ಕೆ ಒಂದು ವರ್ಷ ಎಂದಳು. ನಾನು ಸಾಲಿನ ಕೊನೆಯವರೆಗೆ ಹೋಗಿ ಬಂದು ಮರೆತವನಂತೆ ಮತ್ತೆ ಕೇಳಿದೆ. ಅವಳ ಮುಖ ಬದಲಾಯಿತು. ಉತ್ತರ ಹೇಳಿ, "ಇವತ್ತು ತಗೋಬೇಡಿ ಸರ್, ಮನೆಯವ್ರನ್ನ ಕರ್ಕೊಂಡು ಬನ್ನಿ," ಎಂದು ಕಡ್ಡಿ ಮುರಿದಂತೆ ಹೇಳಿದಳು. ಹಳೆ ಫ್ರಿಜ್ಜಿನ ಮಾತಿಲ್ಲ, ಕಂತಿನ ಮಾತಿಲ್ಲ. ನಾನು ಹೊರಗೆ ಬಂದೆ.

ಬಸ್ಸಿನಲ್ಲಿ ನನಗೆ ಒಂದು ಬಗೆಯ ಗೆಲುವೇ ಇತ್ತು. ಸರಪಳಿ ಗಟ್ಟಿಯಾಗಿತ್ತು. ಬಾಗಿಲು ನಮಸ್ಕಾರ, ನಮಸ್ಕಾರ ಕನ್ನಡಕ, ಕನ್ನಡಕ ಬಿಲ್ಲೆ, ಬಿಲ್ಲೆ ಹತ್ತು ವರ್ಷ. ವರದಿ ತಾನಾಗಿ ಬರೆದುಕೊಳ್ಳುವಷ್ಟು ಸ್ಪಷ್ಟವಾಗಿತ್ತು. ಎರಡನೇ ಸಲ ಕೇಳಿದ್ದಕ್ಕೇ ತಾಳ್ಮೆಗೆಟ್ಟು ಗಿರಾಕಿಯನ್ನು ವಾಪಸು ಕಳಿಸಿದ ನೌಕರಳು. ಅಂಥ ವರದಿಯಿಂದ ಅವಳ ಕೆಲಸ ಉಳಿಯುವುದು ಕಷ್ಟವೆಂದು ಗೊತ್ತಿತ್ತು. ಅದಕ್ಕೇ, ಬರೆಯುವ ಮೊದಲು ಅವಳ ಮಾತುಗಳನ್ನು ಅಕ್ಷರಶಃ ಹಾಕೋಣವೆಂದು, ಮನೆಗೆ ಬಂದು ಫೋನಿನಲ್ಲಿದ್ದ ಅಂದಿನ ರೆಕಾರ್ಡಿಂಗ್ ಹಚ್ಚಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ನಮ್ಮ ಹಳೆಯ ಫ್ರಿಜ್ ಗೊರಗೊರ ಎನ್ನುತ್ತಿತ್ತು.

ಮೊದಲು ನನ್ನ ಚಪ್ಪಲಿಯ ಸದ್ದು, ಅವಳ ನಮಸ್ಕಾರ. ನನ್ನ ಪ್ರಶ್ನೆ, ಅವಳ ಉತ್ತರ. ಫ್ರಿಜ್ಜಿನ ಬಾಗಿಲುಗಳು ತೆರೆದು ಮುಚ್ಚಿದವು. ಆಮೇಲೆ ನನ್ನ ದನಿ, "ಕೇಳೋದೇ ಮರ್ತೆ ನೋಡಿ, ಕಂಪ್ರೆಸರ್‌ಗೆ ವಾರಂಟಿ ಎಷ್ಟು ವರ್ಷ?" ಇದು ಪಾತ್ರದ ಮಾತು. ಅಪ್ಪನ ಮಾತನ್ನೇ ಎರವಲು ಪಡೆದಿದ್ದೇನೆಂದು ಆಗಲೇ ಗೊತ್ತಾದದ್ದು, ಸ್ವಲ್ಪ ನಾಚಿಕೆಯಾಯಿತು. ಅವಳು ನಗುತ್ತಲೇ ಉತ್ತರಿಸಿದಳು. ನಗುತ್ತಲೇ. ನಾನು ಕಾದೆ, ಈಗ ಕಡ್ಡಿ ಮುರಿಯುತ್ತಾಳೆ ಎಂದು. ಅವಳು ತರಕಾರಿ ಇಡುವ ಡಬ್ಬಿ ಎಳೆದು ತೋರಿಸಿದಳು. ಅದರ ಬಗ್ಗೆ ನಾನೇನೋ ಕೇಳಿದೆ. ಆಮೇಲೆ ಕೆಮ್ಮಿದೆ.

"ಕೇಳೋದೇ ಮರ್ತೆ ನೋಡಿ, ಕಂಪ್ರೆಸರ್‌ಗೆ ವಾರಂಟಿ ಎಷ್ಟು ವರ್ಷ?"

ರೆಕಾರ್ಡಿಂಗ್ ಹಿಂದಕ್ಕೆ ಸರಿಯಿತೇನೋ ಎಂದು ನೋಡಿದೆ. ಇಲ್ಲ, ಮುಂದಕ್ಕೇ ಓಡುತ್ತಿತ್ತು. ಅದೇ ಏರಿಳಿತ, ಮರ್ತೆ ಎಂಬಲ್ಲಿ ಅದೇ ಎಳೆತ. ಈ ಸಲ ಅವಳು ಮೊದಲು ಡಬ್ಬಿ ಒಳಗೆ ತಳ್ಳಿ ಬಾಗಿಲು ಮುಚ್ಚಿದಳು. ಆಮೇಲೆ ನಿಧಾನವಾಗಿ ಹೇಳಿದಳು. ದೂರದಿಂದ ಯಾರೋ ಅವಳನ್ನು ಕರೆದರು. ಬರುವುದಿಲ್ಲ, ಸರ್ ಜೊತೆ ಇದ್ದೇನೆ ಎಂದಳು. ಕುರ್ಚಿ ಎಳೆದ ಸದ್ದು. ಮತ್ತೆ ನನ್ನ ಕೆಮ್ಮು, ಮತ್ತೆ ಅದೇ ಪ್ರಶ್ನೆ, ಕೇಳೋದೇ ಮರ್ತೆ ನೋಡಿ ಎಂಬಲ್ಲಿಂದ.

ಹೀಗೆ ಮೂರನೇ ಸಲ, ನಾಲ್ಕನೇ ಸಲ ಪ್ರಶ್ನೆ ಕೇಳಿದ್ದು ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ. ಮಸುಕಾಗಿಯೂ ಇಲ್ಲ. ಹುಡುಕಿದರೆ ಅಲ್ಲಿ ಖಾಲಿ ಜಾಗವೂ ಸಿಗುವುದಿಲ್ಲ. ಎರಡನೇ ಪ್ರಶ್ನೆಗೂ ಅವಳ ಕೊನೆಯ ಮಾತಿಗೂ ನಡುವೆ ಹೊಲಿಗೆ ಕಾಣದಂತೆ ಕೂಡಿಕೊಂಡಿದೆ. ಮರೆತದ್ದು ಖಾಲಿಯಾಗಿ ಕಾಣುತ್ತದೆ, ನಾನು ಅದನ್ನು ಗುರುತಿಸಬಲ್ಲೆ ಎಂದು ಅಷ್ಟು ವರ್ಷ ನಂಬಿದ್ದೆ.

ರೆಕಾರ್ಡಿಂಗಿನಲ್ಲಿ ಅವಳ ದನಿ ತಗ್ಗಿತು. "ಕೂತ್ಕೊಳ್ಳಿ ಸರ್. ನೀರು ಕುಡೀತೀರಾ? ಮನೇಲಿ ಯಾರಿದ್ದಾರೆ, ಫೋನ್ ಮಾಡ್ಲಾ?"

ನಾನು ನಕ್ಕೆ. "ನಾನು ಸರಿಯಾಗೇ ಇದ್ದೀನಿ ಕಣಮ್ಮ."

"ಇದ್ದೀರ ಸರ್. ಆದ್ರೆ ಇವತ್ತು ತಗೋಬೇಡಿ. ಮನೆಯವ್ರನ್ನ ಕರ್ಕೊಂಡು ಬನ್ನಿ. ಅವ್ರಿಗೂ ನಾನೇ ಇನ್ನೊಂದ್ಸಲ ಹೇಳ್ತೀನಿ."

ಕಡ್ಡಿ ಎಲ್ಲೂ ಮುರಿಯಲಿಲ್ಲ. ಮಕ್ಕಳ ಜೊತೆ ಮಾತಾಡುವಂಥ ದನಿ. ಆ ದನಿಯಲ್ಲಿ ನಾನು ಅಪ್ಪನ ಜೊತೆ ಮಾತಾಡಿದ್ದೇನೆ, ತಾಳ್ಮೆ ಇದ್ದ ದಿನಗಳಲ್ಲಿ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಗೇಟಿನ ಬಳಿ ಹೋಗಿ ನಿಂತೆ. ಬೀಗ ಹಾಕಿದೆಯೇ ಎಂದು ನೋಡಲು ಬಂದೆನೋ ಗಾಳಿಗೆ ಬಂದೆನೋ ತಿಳಿಯಲಿಲ್ಲ, ಅದಕ್ಕೂ ಹೆದರಿದೆ.

ವರದಿ ಅಂದು ರಾತ್ರಿಯೊಳಗೆ ಹೋಗಬೇಕಿತ್ತು. ನೆನಪಿದ್ದಂತೆ ಬರೆದರೆ ಅವಳಿಗೆ ಅನ್ಯಾಯ. ಕೇಳಿಸಿದಂತೆ ಬರೆದರೂ ಅವಳು ಉಳಿಯುವುದಿಲ್ಲ. ಸೌಲಭ್ಯಗಳನ್ನು ಹೇಳಲಿಲ್ಲ, ಬೇರೆ ಗಿರಾಕಿಯ ಕಡೆ ಹೋಗಲಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಕೊಳ್ಳಬೇಡಿ ಎಂದಳು. ಕೊಳ್ಳಬೇಡಿ ಎನ್ನುವ ನೌಕರಳಿಗೆ ಅಂಕ ಕೊಡುವ ಜಾಗ ಆ ವರದಿಯಲ್ಲಿ ಎಲ್ಲೂ ಇರಲಿಲ್ಲ. ಉಳಿದ ದಾರಿ ಒಂದೇ, ಆ ಭೇಟಿಯೇ ಲೆಕ್ಕಕ್ಕೆ ಬರದಂತೆ ಮಾಡುವುದು. ಬೆಂಗಳೂರಿನಿಂದ ಕೆಲಸ ಹಂಚುತ್ತಿದ್ದ ಏಜೆನ್ಸಿಯ ಹೆಣ್ಣುಮಗಳಿಗೆ ಫೋನ್ ಮಾಡಿ, ಸೂಚನೆಯಂತೆ ನಡೆಯಲಿಲ್ಲ, ಒಂದೇ ಪ್ರಶ್ನೆಯನ್ನು ಹೆಚ್ಚು ಸಲ ಕೇಳಿಬಿಟ್ಟೆ, ತಪ್ಪು ನನ್ನದು, ರೆಕಾರ್ಡಿಂಗ್ ಕಳಿಸುವುದಿಲ್ಲ ಎಂದೆ.

"ಎಷ್ಟು ಸಲ ಕೇಳಿದ್ರಿ ಸರ್?"

"ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲ ಅಂದ್ರೆ?"

ಸುಳ್ಳು ಹೇಳಬಹುದಿತ್ತು. ಆದರೆ ನನ್ನ ನೆನಪಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದುದು ಫೋನಿಗೆ. ಅವಳು, ಈ ಭೇಟಿ ರದ್ದಾಗುತ್ತದೆ, ಆ ಅಂಗಡಿಗೆ ಬೇರೆಯವರನ್ನು ಕಳಿಸುತ್ತೇವೆ, ನೀವು ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ ಎಂದಳು. ಆಮೇಲೆ ನನಗೆ ಕೆಲಸ ಬರಲಿಲ್ಲ. ನಾನೂ ಕೇಳಲಿಲ್ಲ.

ಸಂಜೆ ಹೆಂಡತಿ ಬಂದಾಗ ಮುಖ ಯಾಕೆ ಹೀಗಿದೆ ಎಂದಳು. ಬಿಸಿಲು ಎಂದೆ. ಅವಳು ಕಾಫಿ ಕೊಟ್ಟಾಗ, ಈ ಮೊದಲೇ ಒಂದು ಲೋಟ ಕುಡಿದೆನೇ ಎಂಬ ಅನುಮಾನ ಬಂದು, ಸಿಂಕಿನಲ್ಲಿ ಲೋಟವಿದೆಯೇ ಎಂದು ಅವಳಿಗೆ ಕಾಣದಂತೆ ಬಗ್ಗಿ ನೋಡಿದೆ. ಹೀಗೆ ಕೆಲವು ದಿನ ಕಳೆದವು. ಯಾರನ್ನೂ ಏನನ್ನೂ ಕೇಳದಿರುವುದೇ ನನ್ನ ಉಪಾಯ. ಪ್ರಶ್ನೆಯೇ ಇಲ್ಲದಿದ್ದರೆ ಎರಡನೇ ಸಲ ಕೇಳುವ ಭಯವಿಲ್ಲ. ಯಾಕ್ರೀ ಮಾತೇ ಆಡಲ್ಲ ಎಂದು ಅವಳು ಸಿಡಿಮಿಡಿಗೊಂಡಳು.

ಈ ನಡುವೆ ನನಗೆ ನಾನೇ ಒಂದು ಸಮಾಧಾನ ಕಟ್ಟಿಕೊಂಡಿದ್ದೆ. ಅಂಗಡಿಯಲ್ಲಿ ನನ್ನ ತಲೆ ಸರಪಳಿ ಹೆಣೆಯುವುದರಲ್ಲಿ ಮುಳುಗಿತ್ತು. ಪ್ರತಿ ಕೊಂಡಿಯನ್ನೂ ಎರಡೆರಡು ಸಲ ಹೇಳುವ ಪಾಠ ಅದು. ಒಳಗೆ ನಡೆಯುತ್ತಿದ್ದ ಪುನರಾವರ್ತನೆಯೇ ಎಚ್ಚರ ತಪ್ಪಿ ಬಾಯಿಗೆ ಬಂದಿರಬೇಕು. ನೆನಪಿಡುವ ಗಲಾಟೆಯಲ್ಲಿ ನಡೆಯುತ್ತಿರುವುದನ್ನೇ ಗಮನಿಸಲಿಲ್ಲ. ಇದು ರೋಗವಲ್ಲ, ವಿದ್ಯೆಯ ಅತಿರೇಕ. ಈ ವಾದ ನನಗೆ ಬಹಳ ಹಿಡಿಸಿತು. ನನಗೆ ಇಷ್ಟು ಹಿಡಿಸುವ ವಾದವನ್ನು ನಾನು ಅನುಮಾನಿಸಬೇಕಿತ್ತು.

ಅದನ್ನು ಮುರಿದವರು ಎದುರು ಮನೆಯವರು. ನನ್ನ ಬದಲಿಗೆ ಏಜೆನ್ಸಿ ಅವರನ್ನೇ ಕಳಿಸಿತ್ತು. ಗೇಟಿಗೆ ಒರಗಿ ನಿಂತು ಸಂಭ್ರಮದಿಂದ ಹೇಳಿದರು.

"ಮರೆವಿನ ಗಿರಾಕಿ ಪಾರ್ಟು ಕಣ್ರೀ ಮೇಷ್ಟ್ರೇ. ನಾನು ಬುಡ್ತೀನಾ, ಇನ್ನೊಂದ್ಸಲ ಕೇಳು ಅಂದ್ರೆ ಬೇಕಂತ್ಲೇ ನಾಕೈದು ಸಲ ಕೇಳ್ಬುಟ್ಟೆ. ಆ ಕನ್ನಡಕದ ಎತ್ತರದ ಹೆಣ್ಮಗು ಇದ್ದಾಳಲ್ಲ, ಒಂಚೂರೂ ಜಗ್ಗಲಿಲ್ಲ. ಏನ್ ಸರ್, ನನ್ನ ಪರೀಕ್ಷೆ ಮಾಡ್ತಿದ್ದೀರಾ ಅಂತ ನಕ್ಕೊಂಡು, ಹಳೇ ಫ್ರಿಜ್ಜು, ಕಂತು, ಎಲ್ಲ ಹೇಳ್ಬುಟ್ಟಳು. ಇನ್ನೊಂಚೂರಿದ್ದಿದ್ರೆ ನಾನೇ ದುಡ್ಡು ಕಟ್ಬುಡ್ತಿದ್ದೆ. ಫುಲ್ ಮಾರ್ಕ್ಸ್ ಕೊಟ್ಟೆ."

"ಮನೆಯವರನ್ನ ಕರ್ಕೊಂಡು ಬನ್ನಿ ಅನ್ನಲಿಲ್ವಾ?" ಎಂದೆ.

"ಯಾಕಂತಾಳೆ? ಎಂಗಾದ್ರೂ ಮಾಡಿ ಇವತ್ತೇ ತಗೊಳ್ಳಿ ಅಂದ್ಲು."

ಅವಳ ಕೆಲಸ ಉಳಿಯಿತು ಎಂದು ಮೊದಲು ಸಮಾಧಾನವಾಯಿತು. ಅದು ಗೇಟಿನಿಂದ ಮೆಟ್ಟಿಲಿಗೆ ಬರುವಷ್ಟರಲ್ಲೇ ಕರಗಿತು. ಅದೇ ಅಂಗಡಿ, ಅದೇ ಪ್ರಶ್ನೆ, ಅವರೂ ಸೂಚನೆ ಮೀರಿ ಕೇಳಿದ್ದರು. ಅವರಿಗೆ ಅವಳು ನಕ್ಕು ವ್ಯಾಪಾರ ಮಾಡಿದಳು. ನನಗೆ ಕುರ್ಚಿ ಎಳೆದಳು, ನೀರು ಬೇಕೇ ಎಂದಳು, ವ್ಯಾಪಾರವನ್ನೇ ನಿಲ್ಲಿಸಿದಳು. ದಿನವಿಡೀ ಗಿರಾಕಿಗಳ ಮುಖ ನೋಡುವವಳು. ಯಾರು ಆಡುತ್ತಿದ್ದಾರೆ, ಯಾರು ಆಡುತ್ತಿಲ್ಲ ಎಂಬುದು ಅವಳಿಗೆ ಕಂಡಿತ್ತು. ನಾನು ಪರೀಕ್ಷಿಸಲು ಹೋಗಿದ್ದೆ, ಪರೀಕ್ಷೆ ನನ್ನದಾಗಿತ್ತು. ಅದರ ಫಲಿತಾಂಶ ನನ್ನ ಜೇಬಿನಲ್ಲೇ ಅಷ್ಟು ದಿನ ಕುಳಿತಿತ್ತು.

ಅಂದು ಹೆಂಡತಿ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಅವಳ ಕೈಗೆ ಫೋನ್ ಕೊಟ್ಟೆ. ಏನೂ ವಿವರಿಸಲಿಲ್ಲ. ಅವಳು ನಿಂತೇ ಕೇಳಿದಳು, ಆಮೇಲೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಕೇಳಿದಳು. ಮೊದಲ ಸಲ ಕೇಳೋದೇ ಮರ್ತೆ ಎಂದಾಗ, ಮಾವನ ಹಾಗೇ ಹೇಳ್ತೀರಲ್ಲ ಎಂದು ನಕ್ಕಳು. ಮುಂದೆ ನಗಲಿಲ್ಲ. ಮುಗಿದ ಮೇಲೆ ಫೋನನ್ನು ಸೆರಗಿನಿಂದ ಒರೆಸಿದಳು, ಅದಕ್ಕೇನೋ ಅಂಟಿದೆ ಎಂಬಂತೆ.

"ಇದನ್ನ ಯಾರಿಗೂ ಕಳಿಸಿಲ್ಲ ತಾನೇ?"

"ಇಲ್ಲ."

"ಡಾಕ್ಟರಿಗೆ ಕೇಳಿಸೋಣ. ಅಳಿಸ್ಬೇಡಿ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಮಾತಾಡ್ದೆ ಕೂತಿದ್ದು ಇದಕ್ಕಾ? ನಾನು ನನ್ ಮೇಲೆ ಕೋಪ ಅಂದ್ಕೊಂಡಿದ್ದೆ," ಎಂದಳು.

ನರರೋಗದ ವೈದ್ಯರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕಣ್ಣು ಮುಚ್ಚಿಕೊಂಡು ರೆಕಾರ್ಡಿಂಗ್ ಕೇಳಿದರು. ಕೆಲವು ಪದ ಹೇಳಿ, ಬೇರೆ ಮಾತಾಡಿ, ಆ ಪದಗಳನ್ನು ತಿರುಗಿ ಕೇಳಿದರು. ನಾನು ಕ್ರಮಪಾಠಕ್ಕೆ ಕೈ ಹಾಕಿದೆ, ಎಲ್ಲವನ್ನೂ ಹೇಳಿದೆ. ಅವರು ಮೆಚ್ಚಲಿಲ್ಲ. ಹೇಗೆ ನೆನಪಿಟ್ಟಿರಿ ಎಂದು ಕೇಳಿ, ಸರಪಳಿಯ ವಿಚಾರ ತಿಳಿದು, ಅದಿಲ್ಲದೆ ಇನ್ನೊಮ್ಮೆ ಮಾಡಿ ಎಂದರು. ಅದಿಲ್ಲದೆ ನನಗೆ ಒಂದು ಪದ ಸಿಗಲಿಲ್ಲ. ಅಭ್ಯಾಸವಿಲ್ಲದೆಯೋ, ಭಯದಿಂದಲೋ, ಬೇರೆ ಕಾರಣದಿಂದಲೋ. ತಲೆಯ ಸ್ಕ್ಯಾನ್ ಆಯಿತು. ವಯಸ್ಸಿಗೆ ತಕ್ಕಂತಿದೆ ಎಂದರು. ಗಮನ ಬೇರೆಡೆ ಇದ್ದರೆ ಹೀಗಾಗುವುದುಂಟು, ನಿದ್ದೆಗೆಟ್ಟ ಚಿಂತೆಯಿಂದಲೂ ಆಗುವುದುಂಟು, ಬೇರೆಯದರ ಶುರುವೂ ಇರಬಹುದು, ಈಗಲೇ ಹೆಸರಿಡುವುದು ಬೇಡ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಬರುವಾಗ ಜೊತೆಗೆ ಇವರೂ ಬರಲಿ ಎಂದು ಹೆಂಡತಿಯ ಕಡೆ ನೋಡಿದರು. ಮನೆಯವರನ್ನು ಕರೆದುಕೊಂಡು ಬನ್ನಿ ಎಂಬ ಮಾತು ನನ್ನ ಕಿವಿಗೆ ಎರಡನೇ ಸಲ ಬಿದ್ದಿತು.

ಆರು ತಿಂಗಳು ಇನ್ನೂ ಆಗಿಲ್ಲ. ಹೆಸರಿಡದ ಭಯದ ಜೊತೆ ಬದುಕುವುದು ವಿಚಿತ್ರ. ಅನುಮಾನವನ್ನು ಕಲಿಸಿ ಸಂಬಳ ಪಡೆದವನಿಗೆ ಅದು ಒಗ್ಗಬೇಕಿತ್ತು. ಒಗ್ಗಿಲ್ಲ. ಬೆಳಿಗ್ಗೆ ಎದ್ದ ಕೂಡಲೆ ನಿನ್ನೆಯ ದಿನವನ್ನು ತಡವಿ ನೋಡುತ್ತೇನೆ. ಪೂರ್ತಿ ಇದ್ದಂತೆ ಕಾಣುತ್ತದೆ. ಆ ಅಂಗಡಿಯ ಮಧ್ಯಾಹ್ನವೂ ಪೂರ್ತಿ ಇದ್ದಂತೆಯೇ ಕಂಡಿತ್ತು.

ಹೋದ ತಿಂಗಳು ನಮ್ಮ ಹಳೆಯ ಫ್ರಿಜ್ ಕೆಟ್ಟು ನಿಂತಿತು. ಯಾವ ಅಂಗಡಿಗೆ ಹೋಗುವುದೆಂದು ನಾವು ಚರ್ಚಿಸಲಿಲ್ಲ. ಹೆಂಡತಿ ಹೂಟಗಳ್ಳಿಯ ಬಸ್ ಹತ್ತಿದಳು, ನಾನು ಹಿಂದೆ ಹತ್ತಿದೆ. ಜೇಬಿನಲ್ಲಿ ಫೋನ್ ಇದ್ದರೂ ರೆಕಾರ್ಡಿಂಗ್ ಇರಲಿಲ್ಲ. ಏನನ್ನೂ ಹೆಣೆಯಬಾರದು, ಸುಮ್ಮನೆ ಗಿರಾಕಿಯಾಗಿರಬೇಕು ಎಂದುಕೊಂಡಿದ್ದೆ. ಒಳಗೆ ಕಾಲಿಟ್ಟ ಕೂಡಲೆ ಬಾಗಿಲು ನಮಸ್ಕಾರ ಎಂದು ತಲೆ ತಾನಾಗಿ ಶುರು ಮಾಡಿತು. ನಿಲ್ಲಿಸಲು ಕಷ್ಟಪಟ್ಟೆ.

ಆ ಕನ್ನಡಕದ ಹೆಣ್ಣುಮಗಳು ಅಲ್ಲೇ ಇದ್ದಳು. ದೂರದಿಂದಲೇ ಗುರುತು ಹಿಡಿದಳು. ನನ್ನ ಕಡೆ ಒಮ್ಮೆ ನೋಡಿ, ಹೆಂಡತಿಯ ಕಡೆ ತಿರುಗಿ, "ಬನ್ನಿ ಮೇಡಂ, ಸರ್ ಕರ್ಕೊಂಡು ಬಂದ್ರಲ್ಲ," ಎಂದಳು. ನಾನು ಯಾರ ಪರವಾಗಿ ಅಂದು ಬಂದಿದ್ದೆನೆಂದು ಹೇಳಲಿಲ್ಲ. ಅವಳಿಗೆ ಅದು ಬೇಕಾಗಿರಲಿಲ್ಲ, ಹೇಳಿದರೆ ಅಂದಿನದು ನಾಟಕವೆಂದು ಅವಳು ತಿಳಿಯಬಹುದಿತ್ತು. ಹಾಗೆ ತಿಳಿಯಲಿ ಎಂಬ ಆಸೆಯೂ ನನಗಿತ್ತು. ಆದ್ದರಿಂದಲೇ ಹೇಳಲಿಲ್ಲ.

ಹೆಂಡತಿ ಒಂದನ್ನು ಆರಿಸಿದಳು. ಹಳೆಯದನ್ನು ಕೊಡುವ ಮಾತಾಯಿತು, ಕಂತಿನ ಮಾತಾಯಿತು. ಬಾಯಿ ತೆರೆದರೆ ಆ ಒಂದು ಪ್ರಶ್ನೆಯೇ ಬರುತ್ತದೆಂದು ಹಲ್ಲು ಕಚ್ಚಿಕೊಂಡಿದ್ದೆ. ಕೊನೆಗೆ ಹೆಂಡತಿಯೇ ಅದನ್ನು ಕೇಳಿದಳು.

"ಕಂಪ್ರೆಸರ್‌ಗೆ ಹತ್ತು ವರ್ಷ ಮೇಡಂ, ಉಳಿದಿದ್ದಕ್ಕೆ ಒಂದು ವರ್ಷ," ಎಂದಳು ಅವಳು. ಎಂದಿನಂತೆ ಒಂದು ಕೈ ಫ್ರಿಜ್ಜಿನ ಬಾಗಿಲ ಮೇಲಿತ್ತು. ಹೆಂಡತಿ ಬಿಲ್ಲು ಮಾಡಿಸಲು ಮುಂದೆ ನಡೆದಳು.

ಆ ಹೆಣ್ಣುಮಗಳು ಅವಳ ಹಿಂದೆ ಹೋಗಲಿಲ್ಲ. ನನ್ನ ಕಡೆ ತಿರುಗಿ ನಿಂತಳು, ನಾನು ಏನಾದರೂ ಕೇಳಬಹುದೆಂದು ಕಾಯುವಂತೆ. ನಾನು ಕೇಳಲಿಲ್ಲ. ಆಗ ತಾನಾಗಿಯೇ, ಮೆಲ್ಲಗೆ, ಒಂದೊಂದೇ ಪದ ಬಿಡಿಸಿ, ಆ ವಾರಂಟಿಯ ಮಾತನ್ನು ನನಗೆ ಇನ್ನೊಂದು ಸಲ ಹೇಳಿದಳು.